ಸುಗ್ಗಿಯ ಹಣ, ತಿಂಗಳ ಬಿಲ್ಲು: ತಂದೆತಾಯಿಗೆ ನೀವು ಹೇಗೆ ನೆರವಾಗಬಹುದು?



ರೋಣ, ನರಗುಂದ, ಗಜೇಂದ್ರಗಡದ ಕಡೆಯ ಅನೇಕ ಮನೆಗಳಲ್ಲಿ ಗೋಡೆಯ ಮೊಳೆಗೆ ಒಂದು ತಂತಿ ನೇತುಹಾಕಿರುತ್ತಾರೆ. ಬಂದ ಕಾಗದಗಳನ್ನೆಲ್ಲ ಅದಕ್ಕೆ ಚುಚ್ಚಿಡುತ್ತಾರೆ. ಲೈಟ್ ಬಿಲ್ಲು, ಸೊಸೈಟಿಯ ನೋಟೀಸು, ಮನೆ ಪಟ್ಟಿಯ ಚೀಟಿ, ವಿಮೆಯ ಪತ್ರ ಎಲ್ಲವೂ ಅಲ್ಲೇ ಇರುತ್ತವೆ. ಕೆಲವು ಮನೆಗಳಲ್ಲಿ ಆ ಕಾಗದಗಳು ಸಮಯಕ್ಕೆ ಸರಿಯಾಗಿ ಇಳಿಯುತ್ತವೆ. ಇನ್ನು ಕೆಲವು ಮನೆಗಳಲ್ಲಿ ಅವು ಇಳಿಯುವುದೇ ಇಲ್ಲ. ಲೈನ್‌ಮನ್ ಬಾಗಿಲಿಗೆ ಬಂದಾಗ ಅಥವಾ ಸೊಸೈಟಿಯವರು ಹೆಸರು ಹಿಡಿದು ಕೂಗಿದಾಗ ಮಾತ್ರ ಅವುಗಳ ನೆನಪಾಗುತ್ತದೆ. ಅಪ್ಪನ ಮುಖ ಸಣ್ಣದಾಗುತ್ತದೆ. ಅವ್ವ ಸುಮ್ಮನಾಗುತ್ತಾಳೆ. ಮನೆಯಲ್ಲಿ ಓದುತ್ತಿರುವ ನಿಮಗೆ ಏನು ಮಾಡಬೇಕೆಂದು ತೋಚುವುದಿಲ್ಲ.

ಈ ಬಾರಿಯ ಮಾತುಕತೆಯ ವಿಷಯ ಇದೇ. ಬಿಲ್ಲು ತಡವಾಗಿ ಕಟ್ಟುವವರೆಲ್ಲ ಬೇಜವಾಬ್ದಾರಿ ಜನರೆಂದು ತಿಳಿಯುವುದು ತಪ್ಪು. ನಮ್ಮ ಭಾಗದಲ್ಲಿ ಹಣ ಬರುವ ಕಾಲವೇ ಬೇರೆ, ಬಿಲ್ಲು ಬರುವ ಕಾಲವೇ ಬೇರೆ. ಈ ಎರಡನ್ನೂ ಕೂಡಿಸಿ ಕೊಡುವ ಕೆಲಸವನ್ನು ಓದುಬರಹ ಬಲ್ಲ ಮಗ ಅಥವಾ ಮಗಳು ಚೆನ್ನಾಗಿ ಮಾಡಬಹುದು. ಅದಕ್ಕೆ ನೀವು ದುಡಿದು ತರಬೇಕಾಗಿಲ್ಲ.

ಎರಡು ಲೆಕ್ಕಗಳು

ನಮ್ಮದು ಎರೆಭೂಮಿ. ಮುಂಗಾರಿಯಲ್ಲಿ ರೋಹಿಣಿ, ಮೃಗಶಿರ ಮಳೆಗೆ ಹೆಸರು ಬಿತ್ತುತ್ತೇವೆ. ಅದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕೈಗೆ ಬರುತ್ತದೆ. ಹಿಂಗಾರಿಯಲ್ಲಿ ಕಡಲೆ, ಬಿಳಿಜೋಳ, ಗೋದಿ, ಕುಸುಬೆ. ಅವುಗಳ ಸುಗ್ಗಿ ಜನವರಿಯಿಂದ ಮಾರ್ಚ್‌ವರೆಗೆ. ಹತ್ತಿ ಮತ್ತು ಮೆಣಸಿನಕಾಯಿಯ ಹಣವೂ ಬಹುಮಟ್ಟಿಗೆ ಚಳಿಗಾಲದಲ್ಲೇ ಬರುತ್ತದೆ. ನರಗುಂದದ ಕಡೆ ಮಲಪ್ರಭಾ ಕಾಲುವೆಯ ನೀರು ಸಿಗುವ ಹೊಲಗಳಿವೆ. ರೋಣ ಮತ್ತು ಗಜೇಂದ್ರಗಡದ ಬಹುಪಾಲು ರೈತರು ಮಳೆಯನ್ನೇ ನೆಚ್ಚಿದವರು. ಗಜೇಂದ್ರಗಡದಲ್ಲಿ ಪಟ್ಟೇದ ಅಂಚಿನ ಸೀರೆ ನೇಯುವ ಮನೆಗಳಿವೆ. ಅಲ್ಲಿ ಸೀರೆ ಮಗ್ಗದಿಂದ ಇಳಿದ ಮೇಲೆಯೇ ಕೂಲಿ. ಹಬ್ಬ ಮತ್ತು ಮದುವೆಯ ಕಾಲಕ್ಕೆ ಕೆಲಸ ಹೆಚ್ಚು, ಉಳಿದ ಕಾಲದಲ್ಲಿ ಕಡಿಮೆ.

ಹೀಗೆ ನಮ್ಮ ಮನೆಗಳಿಗೆ ಹಣ ವರ್ಷಕ್ಕೆ ಒಂದೆರಡು ಸಲ ದೊಡ್ಡದಾಗಿ ಬರುತ್ತದೆ, ಇಲ್ಲವೇ ಬಿಟ್ಟು ಬಿಟ್ಟು ಬರುತ್ತದೆ. ಬಿಲ್ಲುಗಳು ಹಾಗಲ್ಲ. ಲೈಟ್ ಬಿಲ್ಲು ತಿಂಗಳಿಗೊಮ್ಮೆ, ಸಂಘದ ಕಂತು ವಾರಕ್ಕೊಮ್ಮೆ, ವಿಮೆಯ ಕಂತು ಮೂರು ಅಥವಾ ಆರು ತಿಂಗಳಿಗೊಮ್ಮೆ, ಮನೆ ಪಟ್ಟಿ ವರ್ಷಕ್ಕೊಮ್ಮೆ. ಪಗಾರದ ಮನೆಗೆ ತಿಂಗಳ ಬಿಲ್ಲು ಭಾರವಾಗದಿರಬಹುದು. ಸುಗ್ಗಿಯ ಮನೆಗೆ ಅದು ಭಾರವೇ. ಅದರಲ್ಲೂ ಜೂನ್ ತಿಂಗಳನ್ನು ನೋಡಿ. ಕಳೆದ ಸುಗ್ಗಿಯ ಹಣ ಕರಗಿರುತ್ತದೆ. ಬೀಜ, ಗೊಬ್ಬರ ತರಬೇಕು. ಅದೇ ಹೊತ್ತಿಗೆ ನಿಮ್ಮ ಶಾಲೆ, ಕಾಲೇಜಿನ ಫೀ ಬರುತ್ತದೆ. ಅಪ್ಪ ಯಾವುದನ್ನಾದರೂ ಮುಂದಕ್ಕೆ ಹಾಕಲೇಬೇಕು. ಬಹಳ ಸಲ ಅವನು ಮುಂದಕ್ಕೆ ಹಾಕುವುದು ಲೈಟ್ ಬಿಲ್ಲನ್ನು, ನಿಮ್ಮ ಫೀಯನ್ನಲ್ಲ. ಇದನ್ನು ನೀವು ಮರೆಯಬಾರದು.

ತಡವಾಗುವುದಕ್ಕೆ ಕಾರಣ ಯಾವುದು?

ನೆರವಾಗುವ ಮೊದಲು ಕಾರಣ ತಿಳಿಯಬೇಕು. ಸಾಮಾನ್ಯವಾಗಿ ಕಾರಣಗಳು ಮೂರು.

ಮೊದಲನೆಯದು, ಆ ದಿನ ಕೈಯಲ್ಲಿ ಹಣ ಇಲ್ಲದಿರುವುದು. ಇದಕ್ಕೆ ಮದ್ದು ಮುಂಚಿತವಾದ ಲೆಕ್ಕ.

ಎರಡನೆಯದು, ಹಣವಿದ್ದರೂ ತಿಳಿಯದಿರುವುದು. ಬಿಲ್ಲಿನ ಅಕ್ಷರ ಸಣ್ಣದು. ಕೊನೆಯ ದಿನ ಎಲ್ಲಿದೆ ಎಂಬುದು ಕಾಣುವುದಿಲ್ಲ. ಮೊಬೈಲಿಗೆ ಬಂದ ಸಂದೇಶ ಇಂಗ್ಲಿಷಿನಲ್ಲಿರುತ್ತದೆ. ಮೊದಲೆಲ್ಲ ಸರಿಯಾಗಿ ಕಟ್ಟುತ್ತಿದ್ದ ಹಿರಿಯರು ಈಚೆಗೆ ಮರೆಯುತ್ತಿದ್ದರೆ, ಕಟ್ಟಿದ ಬಿಲ್ಲನ್ನೇ ಮತ್ತೆ ಕಟ್ಟುತ್ತಿದ್ದರೆ, ಕಣ್ಣಿನ ಪೊರೆ ಬಂದಿರಬಹುದು ಅಥವಾ ನೆನಪಿನ ಶಕ್ತಿ ಕುಂದುತ್ತಿರಬಹುದು. ಹಣದ ಲೆಕ್ಕ ತಪ್ಪುವುದು ಮರೆವಿನ ಕಾಯಿಲೆಯ ಮೊದಲ ಗುರುತುಗಳಲ್ಲಿ ಒಂದು. ಆಗ ಸಿಟ್ಟು ಮಾಡದೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಮೂರನೆಯದು, ನಾಚಿಕೆ. ಒಂದು ಬಾಕಿ ಉಳಿಯಿತು, ಕೌಂಟರಿನಲ್ಲಿ ಯಾರೋ ನಾಲ್ಕು ಜನರೆದುರು ಮಾತನಾಡಿದರು, ಅಂದಿನಿಂದ ಆ ಕಡೆ ಹೋಗಲು ಮನಸ್ಸಿಲ್ಲ. ಕಾಗದ ಬಂದರೆ ತೆರೆದು ನೋಡುವುದಿಲ್ಲ. ನೋಡದಿದ್ದ ಕಾಗದ ಬೆಳೆಯುತ್ತಲೇ ಹೋಗುತ್ತದೆ. ಮೂರರಲ್ಲಿ ಇದು ಹೆಚ್ಚು ಕಷ್ಟದ್ದು, ಏಕೆಂದರೆ ಹೊರಗಿನವರಿಗೆ ಇದು ಅಸಡ್ಡೆಯಂತೆ ಕಾಣುತ್ತದೆ.

ತಡದ ಬೆಲೆ ಎಷ್ಟು?

ದಿನ ತಪ್ಪಿದರೆ ಎಷ್ಟು ನಷ್ಟ ಎಂಬುದನ್ನು ನಿಮ್ಮ ಗಣಿತದ ಪಾಠದಂತೆಯೇ ಲೆಕ್ಕ ಹಾಕಿ ನೋಡಬಹುದು.

ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲಕ್ಕೆ ಬ್ಯಾಂಕಿನಲ್ಲಿ 3 ಲಕ್ಷ ರೂಪಾಯಿಯವರೆಗೆ ಬಡ್ಡಿ ಶೇಕಡಾ 7. ವಾಯಿದೆಯೊಳಗೆ ತೀರಿಸಿದವರಿಗೆ ಶೇಕಡಾ 3 ಬಿಟ್ಟುಕೊಟ್ಟು, ಶೇಕಡಾ 4 ಮಾತ್ರ ಹಿಡಿಯುತ್ತಾರೆ. 1 ಲಕ್ಷ ರೂಪಾಯಿ ಸಾಲವಿದ್ದರೆ ವರ್ಷಕ್ಕೆ 3,000 ರೂಪಾಯಿಯ ಅಂತರ. ಸಹಕಾರ ಸಂಘಗಳ ಮೂಲಕ ಕರ್ನಾಟಕ ಸರ್ಕಾರ ಕೊಡಿಸುವ ಬೆಳೆಸಾಲಕ್ಕಂತೂ ಬಡ್ಡಿಯೇ ಇಲ್ಲ. ಅದರ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಆದರೆ ಈ ಸೌಲಭ್ಯವೂ ವಾಯಿದೆಯೊಳಗೆ ತೀರಿಸಿದವರಿಗೆ ಮಾತ್ರ. ವಾಯಿದೆ ಮೀರಿದವನು ಸುಸ್ತಿದಾರ.

ವಾಯಿದೆ ಕಾಯಲು ಕೈಗಡ ತಂದರೆ ಏನಾಗುತ್ತದೆ? ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಎಂದರೆ ಕೇಳಲು ಸಣ್ಣದು. 10,000 ರೂಪಾಯಿಗೆ ತಿಂಗಳಿಗೆ 300, ವರ್ಷಕ್ಕೆ 3,600. ಅಂದರೆ ಶೇಕಡಾ 36.

ಸಣ್ಣ ಮೊತ್ತದ ತಡಕ್ಕೂ ದೊಡ್ಡ ಬೆಲೆಯಿರಬಹುದು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಕಂತು. ಅಪಘಾತದಲ್ಲಿ ಸಾವು ಸಂಭವಿಸಿದರೆ ಮನೆಯವರಿಗೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಈ ಕಂತನ್ನು ಬ್ಯಾಂಕು ಪ್ರತಿ ವರ್ಷ ಮೇ ತಿಂಗಳ ಕೊನೆಯ ಹೊತ್ತಿಗೆ ಖಾತೆಯಿಂದಲೇ ತೆಗೆದುಕೊಳ್ಳುತ್ತದೆ. ಆಗ ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಫಸಲ್ ಬಿಮಾ ಯೋಜನೆಯೂ ಹಾಗೆಯೇ. ಮುಂಗಾರಿ ಕಾಳುಕಡಿಗೆ ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಶೇಕಡಾ 1.5 ರೈತನ ಪಾಲು. ಕೊನೆಯ ದಿನ ದಾಟಿದರೆ ಆ ಹಂಗಾಮಿಗೆ ವಿಮೆ ಇಲ್ಲ. ಮಳೆ ಹೋದ ಮೇಲೆ ಕಟ್ಟುತ್ತೇನೆಂದರೆ ಯಾರೂ ತೆಗೆದುಕೊಳ್ಳುವುದಿಲ್ಲ.

ಬಿಲ್ಲನ್ನು ಓದಲು ಕಲಿಯಿರಿ

ಗದಗ ಜಿಲ್ಲೆಗೆ ವಿದ್ಯುತ್ ಒದಗಿಸುವುದು ಹೆಸ್ಕಾಂ. ಅದರ ಬಿಲ್ಲಿನಲ್ಲಿ ಐದು ಸಂಗತಿಗಳನ್ನು ಹುಡುಕಿ. ಆರ್.ಆರ್. ನಂಬರು, ಹಿಂದಿನ ಮತ್ತು ಈಗಿನ ರೀಡಿಂಗು, ಬಳಸಿದ ಯೂನಿಟ್ಟು, ಹಳೆಯ ಬಾಕಿ, ಹಣ ಕಟ್ಟಲು ಕೊನೆಯ ದಿನ. ಈಗಿನ ರೀಡಿಂಗಿನಲ್ಲಿ ಹಿಂದಿನದನ್ನು ಕಳೆದರೆ ಯೂನಿಟ್ಟು ಬರಬೇಕು. ಮೀಟರಿನ ಎದುರು ನಿಂತು ಒಮ್ಮೆ ನೀವೇ ತಾಳೆ ನೋಡಿ.

2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಬಹಳ ಮನೆಗಳ ಬಿಲ್ಲು ಸೊನ್ನೆಯಾಗಿದೆ. ಆದರೆ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಎಂದು ತಿಳಿದವರು ಮೋಸ ಹೋಗುತ್ತಾರೆ. ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದು ಮಿತಿ ಗೊತ್ತುಮಾಡಿದ್ದಾರೆ. ಆ ಮಿತಿಯನ್ನು ಮೀರಿ 200ರೊಳಗಿದ್ದರೆ ಹೆಚ್ಚಿನ ಯೂನಿಟ್ಟಿಗೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಸೊನ್ನೆ ಬಿಲ್ಲಿಗೆ ರೂಢಿಯಾದ ಅಪ್ಪ ಬೇಸಿಗೆಯಲ್ಲಿ ಬಂದ ಬಿಲ್ಲನ್ನು ನೋಡದೆ ತಂತಿಗೆ ಚುಚ್ಚಿದರೆ ಬಾಕಿ ಅಲ್ಲಿಂದ ಶುರುವಾಗುತ್ತದೆ.

ಬಾಕಿ ಉಳಿದರೆ ಅದೇ ದಿನ ತಂತಿ ಕತ್ತರಿಸಲು ಬರುವುದಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೆಯ ಕಲಮಿನ ಪ್ರಕಾರ ಪೂರ್ತಿ 15 ದಿನಗಳ ಲಿಖಿತ ನೋಟೀಸು ಕೊಡಬೇಕು. ಈ 15 ದಿನ ಅಂಜಿ ಕೂಡ್ರುವುದಕ್ಕಲ್ಲ, ಉಪವಿಭಾಗದ ಕಚೇರಿಗೆ ಹೋಗಿ ಮಾತನಾಡುವುದಕ್ಕೆ. ವಿದ್ಯುತ್ ದೂರುಗಳಿಗೆ 1912ಕ್ಕೆ ಫೋನು ಮಾಡಬಹುದು.

ಬಿಲ್ಲೇ ತಪ್ಪಾಗಿದ್ದರೆ?

ಕೊಡಬೇಕಾದದ್ದನ್ನು ಕೊಡುವುದು ಎಷ್ಟು ಮುಖ್ಯವೋ, ಕೊಡಬೇಕಾಗಿಲ್ಲದ್ದನ್ನು ಪ್ರಶ್ನಿಸುವುದೂ ಅಷ್ಟೇ ಮುಖ್ಯ. ನರಗುಂದದ ಮಣ್ಣಿಗೆ ಇದು ಚೆನ್ನಾಗಿ ಗೊತ್ತು. ಮಲಪ್ರಭಾ ಯೋಜನೆಯ ಪ್ರದೇಶದ ರೈತರ ಮೇಲೆ ಸರ್ಕಾರ ನೀರಿನ ಕರದ ಜೊತೆಗೆ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರವನ್ನೂ ಹೇರಿತ್ತು. ನೀರು ಸರಿಯಾಗಿ ಬಾರದ ಹೊಲಕ್ಕೂ ಕರ ಏಕೆ ಎಂದು ರೈತರು ಕೇಳಿದರು. 1980ರ ಜುಲೈ 21ರಂದು ನರಗುಂದದಲ್ಲಿ ಪ್ರತಿಭಟನೆ ಗೋಲಿಬಾರಿನಲ್ಲಿ ಮುಗಿಯಿತು, ರೈತರೊಬ್ಬರು ಪ್ರಾಣ ಕಳೆದುಕೊಂಡರು. ನೆರೆಯ ನವಲಗುಂದದಲ್ಲೂ ಸಾವಾಯಿತು. ನಾಡಿನ ರೈತ ಚಳವಳಿಗೆ ಅದು ಹೊಸ ತಿರುವು ಕೊಟ್ಟಿತು. ಇಂದಿಗೂ ಜುಲೈ 21ರಂದು ನರಗುಂದದಲ್ಲಿ ಹುತಾತ್ಮ ರೈತರನ್ನು ನೆನೆಯುತ್ತಾರೆ.

ಆ ರೈತರು ಕರದ ಕಾಗದವನ್ನು ಮುಚ್ಚಿಡಲಿಲ್ಲ, ಅದನ್ನು ಹಿಡಿದುಕೊಂಡು ಬಂದು ಕೇಳಿದರು. ಇದರಿಂದ ನಾವು ಒಂದು ಮಾತು ಕಲಿಯಬಹುದು. ಸುಮ್ಮನೆ ಕಟ್ಟದೆ ಬಿಟ್ಟ ಬಿಲ್ಲು ಬಾಕಿಯಾಗುತ್ತದೆ. ಅರ್ಜಿ ಬರೆದುಕೊಟ್ಟ ಬಿಲ್ಲು ತಕರಾರಾಗುತ್ತದೆ. ಕಚೇರಿಯ ದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ. ಆದ್ದರಿಂದ ಬಿಲ್ಲು ತಪ್ಪೆನಿಸಿದರೆ ಕೊನೆಯ ದಿನದೊಳಗೆ ಒಂದು ಅರ್ಜಿ ಬರೆಯಿರಿ. ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಸಹಿ, ತಾರೀಖು, ಮೊಹರು ಪಡೆಯಿರಿ. ತಕರಾರನ್ನು ಕಾದಿರಿಸಿಕೊಂಡು ಹಣ ಕಟ್ಟಲು ಆ 56ನೆಯ ಕಲಮಿನಲ್ಲೇ ಅವಕಾಶವಿದೆ. ಹಾಗೆ ಕಟ್ಟಿದರೆ ವಾದ ನಡೆಯುವಾಗ ದೀಪ ಆರುವುದಿಲ್ಲ.

ಮಾತು ಹೇಗೆ ತೆಗೆಯಬೇಕು?

ಇಷ್ಟೆಲ್ಲ ತಿಳಿದರೂ ಅಪ್ಪನ ಎದುರು ಮಾತು ತೆಗೆಯುವುದು ಸುಲಭವಲ್ಲ. "ಎಷ್ಟು ಬಾಕಿ ಮಾಡೀರಿ?" ಎಂದು ಕೇಳಿದರೆ ಅದು ವಸೂಲಿಯವನ ಮಾತಾಗುತ್ತದೆ. ಅದರ ಬದಲು, "ಅಪ್ಪಾ, ಈ ಬಿಲ್ಲಿನ್ಯಾಗ ಏನೇನ್ ಬರದಾರ, ನನಗೂ ಸ್ವಲ್ಪ ತಿಳಿಸ್ರಿ" ಎಂದು ಕೇಳಿ. ಗೊತ್ತಿದ್ದವರಂತೆ ಹೋಗಬೇಡಿ, ಕಲಿಯುವವರಂತೆ ಹೋಗಿ. ಅಪ್ಪನಿಗೆ ಬಿಲ್ಲು ಓದಲು ಬಾರದಿರಬಹುದು, ಆದರೆ ಯಾವ ಅಂಗಡಿಯಲ್ಲಿ ಎಷ್ಟು ಉದ್ರಿಯಿದೆ, ಯಾರಿಗೆ ಎಂದು ಕೊಡಬೇಕು ಎಂಬುದು ಅವನ ಬಾಯಲ್ಲಿರುತ್ತದೆ. ಅವ್ವನ ಬಳಿ ಇನ್ನೊಂದು ಲೆಕ್ಕವಿರುತ್ತದೆ. ಸಂಘದ ಕಂತು, ಹಾಲಿನ ಹಣ, ಗೃಹಲಕ್ಷ್ಮಿಯ 2,000 ರೂಪಾಯಿ ಎಲ್ಲಿ ಹೋಯಿತು ಎಂಬುದು ಅವಳಿಗೆ ಗೊತ್ತು. ಎರಡೂ ಲೆಕ್ಕ ಒಂದೇ ಹಾಳೆಗೆ ಬರಬೇಕು.

ಊಟದ ಹೊತ್ತಿನಲ್ಲಿ, ನೆಂಟರ ಎದುರಿನಲ್ಲಿ ಈ ಮಾತು ಬೇಡ. ಮನೆಯ ಸಾಲದ ಸುದ್ದಿಯನ್ನು ಗೆಳೆಯರ ನಡುವೆ ಆಡಬೇಡಿ. ತಂದೆಯ ಮರ್ಯಾದೆ ಉಳಿದರೆ ಮಾತ್ರ ಮುಂದಿನ ಕಾಗದ ನಿಮ್ಮ ಕೈಗೆ ಬರುತ್ತದೆ.

ಒಂದು ವಹಿ, ಹನ್ನೆರಡು ಪುಟ

ಇನ್ನು ಕೆಲಸಕ್ಕೆ ಬರೋಣ. ಒಂದು ನೋಟ್‌ಬುಕ್ ತೆಗೆದುಕೊಂಡು ತಿಂಗಳಿಗೊಂದರಂತೆ ಹನ್ನೆರಡು ಪುಟ ಮಾಡಿ. ಎಡಕ್ಕೆ ಆ ತಿಂಗಳು ಬರುವ ಹಣ, ಬಲಕ್ಕೆ ಕೊಡಬೇಕಾದದ್ದು ಮತ್ತು ಅದರ ಕೊನೆಯ ದಿನ. ಸುಗ್ಗಿಯ ಪುಟದಲ್ಲಿ ಎಡಭಾಗ ತುಂಬಿರುತ್ತದೆ. ಮೇ, ಜೂನ್, ಜುಲೈನಲ್ಲಿ ಬಲಭಾಗ ತುಂಬಿರುತ್ತದೆ. ಮನೆಯ ತೊಂದರೆ ಎಲ್ಲಿದೆ ಎಂಬುದು ಆ ಪುಟಗಳಲ್ಲೇ ಕಾಣುತ್ತದೆ.

ಈಗ ವರ್ಷದ ಖಚಿತ ಬಿಲ್ಲುಗಳನ್ನೆಲ್ಲ ಕೂಡಿಸಿ. ಒಟ್ಟು 12,000 ರೂಪಾಯಿ ಆಯಿತೆಂದು ಇಟ್ಟುಕೊಳ್ಳಿ. ತಿಂಗಳಿಗೆ 1,000 ಹೊಂದಿಸುವುದು ಸುಗ್ಗಿಯ ಮನೆಗೆ ಕಷ್ಟ. ಆದರೆ ಹೆಸರು ಮಾರಿದಾಗ 6,000, ಕಡಲೆ ಮಾರಿದಾಗ 6,000 ತೆಗೆದಿಡಬಹುದು. ದಲಾಲಿ ಅಂಗಡಿಯ ಪಟ್ಟಿ ಕೈಗೆ ಬಂದ ದಿನವೇ ಇದನ್ನು ಬೇರೆ ಮಾಡಬೇಕು. ಒಂದು ವಾರ ಬಿಟ್ಟರೆ ಉಳಿಯುವುದಿಲ್ಲ. ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಅವ್ವನ ಹೆಸರಿನ ಖಾತೆಯಲ್ಲಿ ಇದನ್ನು ಇಡಬಹುದು. ನೇಕಾರರ ಮನೆಯಾದರೆ ಪ್ರತಿ ಸೀರೆಯ ಕೂಲಿಯಿಂದ ಗೊತ್ತಾದ ಒಂದು ಭಾಗ ತೆಗೆದಿಡುವುದು ಅನುಕೂಲ.

ಪುರಸಭೆಯ ಮನೆ ಪಟ್ಟಿಯನ್ನು ಏಪ್ರಿಲ್ ತಿಂಗಳಲ್ಲೇ ಕಟ್ಟಿದವರಿಗೆ ಶೇಕಡಾ 5 ರಿಯಾಯಿತಿ ಇರುತ್ತದೆ. ಹಿಂಗಾರಿ ಸುಗ್ಗಿಯ ಹಣ ಇನ್ನೂ ಕೈಯಲ್ಲಿರುವ ಕಾಲ ಅದು. ಇಂಥ ಹೊಂದಾಣಿಕೆಗಳನ್ನು ಹುಡುಕುವುದೇ ವಹಿಯ ಉಪಯೋಗ.

ಎಲ್ಲದಕ್ಕೂ ಹಣ ಸಾಲದಿದ್ದಾಗ ಯಾವುದು ಮೊದಲು? ಇಂದು ತಪ್ಪಿದರೆ ಮುಂದೆ ಸಿಗದಂಥದ್ದು ಮೊದಲು, ಅಂದರೆ ವಿಮೆಯ ಕಂತು ಮತ್ತು ಬಡ್ಡಿ ರಿಯಾಯಿತಿಯ ಬೆಳೆಸಾಲ. ಆಮೇಲೆ ನಿಂತರೆ ಮನೆ ನಡೆಯದಂಥದ್ದು, ಅಂದರೆ ವಿದ್ಯುತ್ತು, ನೀರು. ಆಮೇಲೆ ಕೇಳಿದರೆ ಸಮಯ ಕೊಡುವವರ ಬಾಕಿ. ಗುರುತಿನ ಅಂಗಡಿಯವರು ಸಮಯ ಕೊಡುತ್ತಾರೆ. ಆದರೆ ತಾರೀಖು ಹೇಳಿ ಕೇಳಬೇಕು, ಮುಖ ತಪ್ಪಿಸಬಾರದು.

ಸಾಲ ಕೈಮೀರಿದ್ದರೆ

ವಹಿ ಬರೆದ ಮೇಲೆ ಎಡಭಾಗಕ್ಕಿಂತ ಬಲಭಾಗ ವರ್ಷಪೂರ್ತಿ ದೊಡ್ಡದೆಂದು ಕಂಡರೆ, ಅದು ಲೆಕ್ಕದಿಂದ ಬಗೆಹರಿಯುವ ಸಂಗತಿಯಲ್ಲ. ಆಗ ಹೊರಗಿನ ನೆರವು ಬೇಕು. ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಹೆಮ್ಮೆಯ ಇತಿಹಾಸವಿದೆ. ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾದ ಸಂಘ 1905ರಲ್ಲಿ ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅದಕ್ಕೆ ಮುಂದಾಳಾದರು. ಒಬ್ಬನೇ ಸಾಹುಕಾರನ ಎದುರು ನಿಂತ ರೈತ ಸೋಲುತ್ತಾನೆ, ಹತ್ತು ಮಂದಿ ಕೂಡಿದರೆ ಸೋಲುವುದಿಲ್ಲ ಎಂಬುದು ಅಂಥ ಸಂಘಗಳ ಬೆನ್ನಿಗಿದ್ದ ವಿಚಾರ.

ಬೆಳೆ ಹೋದ ವರ್ಷ ವಾಯಿದೆಗೆ ಮೊದಲೇ ಸೊಸೈಟಿಗೋ ಬ್ಯಾಂಕಿಗೋ ಹೋಗಿ ಲಿಖಿತವಾಗಿ ಸಮಯ ಕೇಳಬೇಕು. ಸಾಲ ಕೊಟ್ಟವರು ಮನೆಗೆ ಬಂದು ಬೆದರಿಸಿದರೆ ಅದಕ್ಕೆ ಕಾನೂನಿದೆ. ಕಿರುಸಾಲ ವಸೂಲಿಯ ಹೆಸರಿನಲ್ಲಿ ಬಲವಂತ ಮಾಡುವುದನ್ನು ತಡೆಯಲು ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾನೂನು ತಂದಿದೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಡವರಿಗೆ ವಕೀಲರ ನೆರವು ಉಚಿತ. ಅದರ ಫೋನು 15100. ತಂದೆಯೋ ತಾಯಿಯೋ ಊಟ, ನಿದ್ದೆ ಬಿಟ್ಟು ಕುಗ್ಗಿದ್ದರೆ, ಬದುಕು ಬೇಡವೆಂಬ ಮಾತು ಆಡಿದರೆ, ಬಿಲ್ಲಿನ ಮಾತನ್ನು ಬದಿಗಿಟ್ಟು ಅವರನ್ನು ಒಂಟಿಯಾಗಿ ಬಿಡದೆ ಹತ್ತಿರದ ಹಿರಿಯರನ್ನು ಕರೆಯಿರಿ. ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಬಾಕಿಯನ್ನು ಬರುವ ಸುಗ್ಗಿಯಲ್ಲಾದರೂ ತೀರಿಸಬಹುದು.

ಮೂರು ಎಚ್ಚರಿಕೆಗಳು

ಒಂದು, "ಇಂದು ರಾತ್ರಿ ನಿಮ್ಮ ವಿದ್ಯುತ್ ಕಡಿತವಾಗುತ್ತದೆ, ಈ ನಂಬರಿಗೆ ಫೋನು ಮಾಡಿ" ಎಂಬ ಸಂದೇಶ ಬಂದರೆ ನಂಬಬೇಡಿ. ಬಾಕಿಯ ಅಂಜಿಕೆ ಇರುವವರನ್ನೇ ವಂಚಕರು ಹಿಡಿಯುತ್ತಾರೆ. ಯು.ಪಿ.ಐ. ಪಿನ್ನು ಹಣ ಕಳಿಸಲು ಬೇಕು, ಹಣ ಪಡೆಯಲು ಬೇಡ. ಮೋಸವಾದರೆ ತಡಮಾಡದೆ 1930ಕ್ಕೆ ತಿಳಿಸಿ.

ಎರಡು, ಮನೆಯ ಬಾಕಿ ತೀರಿಸಲೆಂದು ನಿಮ್ಮ ಹೆಸರಿನಲ್ಲಿ ಮೊಬೈಲ್ ಆ್ಯಪ್‌ಗಳಿಂದ ಸಾಲ ತೆಗೆಯಬೇಡಿ. ಹದಿನೆಂಟು ತುಂಬಿದವರು ಜಾಮೀನಿನ ಸಹಿ ಹಾಕುವ ಮೊದಲು ಕಾಗದವನ್ನು ಪೂರ್ತಿ ಓದಿ.

ಮೂರು, ಈ ಕೆಲಸಕ್ಕಾಗಿ ಓದು ಬಿಡಬೇಡಿ. ವಾರಕ್ಕೆ ಅರ್ಧ ಗಂಟೆ ಸಾಕು. ಲೆಕ್ಕ ನಿಮ್ಮ ಕೈಬರಹದಲ್ಲಿರಲಿ, ಯಾರಿಗೆ ಎಷ್ಟು ಕೊಡಬೇಕೆಂಬ ತೀರ್ಮಾನ ತಂದೆತಾಯಿಯದೇ ಆಗಿರಲಿ. ನಿಮಗೆ ಅಕ್ಷರ ಕಲಿಸಲು ಅವರು ಕೆಲವು ಬಿಲ್ಲುಗಳನ್ನು ಮುಂದಕ್ಕೆ ಹಾಕಿರಬಹುದು. ಆ ಅಕ್ಷರ ಈಗ ಅವರ ಕಾಗದಗಳನ್ನು ಓದಲು ಉಪಯೋಗವಾಗಲಿ.

ತರಗತಿಯಲ್ಲಿ ಚರ್ಚಿಸಿ

1. ನಿಮ್ಮ ಊರಿನ ಒಂದು ಬೆಳೆಯನ್ನು ಆರಿಸಿಕೊಂಡು, ಬಿತ್ತನೆಯಿಂದ ಮಾರಾಟದವರೆಗೆ ಯಾವ ತಿಂಗಳು ಖರ್ಚು, ಯಾವ ತಿಂಗಳು ಆದಾಯ ಎಂಬ ಪಟ್ಟಿ ಮಾಡಿ.

2. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಂತೆ 25,000 ರೂಪಾಯಿ ಸಾಲಕ್ಕೆ ವರ್ಷದ ಬಡ್ಡಿ ಎಷ್ಟು? ಶೇಕಡಾ 4ರ ಬೆಳೆಸಾಲದೊಂದಿಗೆ ಹೋಲಿಸಿ.

3. ತಪ್ಪು ರೀಡಿಂಗಿನ ಬಿಲ್ಲು ಬಂದಿದೆಯೆಂದು ಭಾವಿಸಿ, ವಿದ್ಯುತ್ ಕಚೇರಿಗೆ ಒಂದು ಅರ್ಜಿ ಬರೆಯಿರಿ.

4. ಸುಮ್ಮನೆ ಕಟ್ಟದಿರುವುದಕ್ಕೂ ಪ್ರಶ್ನಿಸಿ ಕಟ್ಟದಿರುವುದಕ್ಕೂ ಏನು ವ್ಯತ್ಯಾಸ? 1980ರ ನರಗುಂದದ ಘಟನೆಯನ್ನು ನಿಮ್ಮ ಮನೆಯ ಹಿರಿಯರಿಂದ ಕೇಳಿ ತಿಳಿದು, ಬಂದು ಹೇಳಿ.